ಲಿಮರಿಕ್ಕಿನ ಕೊರಳು
ರಾಕ್ ಅಂದರೆ ಬರೀ ಗದ್ದಲ ಎನ್ನುವವರಿಗೆ ನಾನು ಮೊದಲು ಕೇಳಿಸುವುದು ಐರ್ಲೆಂಡಿನ ದಿ ಕ್ರ್ಯಾನ್‌ಬೆರೀಸ್ ತಂಡದ ಚೊಚ್ಚಲ ಆಲ್ಬಮ್. 1993ರಲ್ಲಿ ಬಂದ ಅದರ ಹೆಸರು 'ಎವ್ರಿಬಡಿ ಎಲ್ಸ್ ಈಸ್ ಡೂಯಿಂಗ್ ಇಟ್, ಸೋ ವೈ ಕಾಂಟ್ ವೀ?'. ಹೆಸರೇನೋ ಮಾರುದ್ದ, ವಾದ್ಯಗಳದ್ದು ಮಾತ್ರ ಮಿತಭಾಷೆ.

ಲಿಮರಿಕ್ ಊರಿನ ಹುಡುಗರ ಈ ತಂಡಕ್ಕೆ ಗಾಯಕಿ ಡೊಲೊರೆಸ್ ಓ'ರಿಯೊರ್ಡಾನ್ ಸೇರಿದ್ದು 1990ರಲ್ಲಿ. ಆಲ್ಬಮ್ ಬಂದಾಗ ಆಕೆಗೆ 21 ವರ್ಷ. ಆಕೆಯ ದನಿ ಪಿಸುಮಾತಿನಿಂದ ಹೊರಟು, ಸಾಲಿನ ನಡುವೆ ತಟ್ಟನೆ ಒಡೆದು, ಮೇಲಿನ ಸ್ವರಕ್ಕೆ ನೆಗೆಯುತ್ತದೆ. ಹಳೆಯ ಐರಿಷ್ ಹಾಡುಗಾರಿಕೆಯ ಬನಿ ಅದರಲ್ಲಿದೆ. ಊರಿನ ಉಚ್ಚಾರಣೆಯನ್ನು ಆಕೆ ಉಜ್ಜಿ ನಯಗೊಳಿಸಲಿಲ್ಲ. ನನಗೆ ಹಿಡಿಸಿದ್ದೇ ಅದು. 'ಡ್ರೀಮ್ಸ್' ಹಾಡಿನಲ್ಲಿ ಪದಗಳೇ ಇಲ್ಲದ ಆಲಾಪ ಬರುತ್ತದಲ್ಲ, ಅಲ್ಲಿ ಇಂಗ್ಲಿಷ್ ಬಾರದವರೂ ತಲೆದೂಗಬಹುದು.

ತಂಡದ ನೋಯೆಲ್ ಹೋಗನ್ ಗಿಟಾರಿನಲ್ಲಿ ಮೆರೆಯಲು ಹೋಗುವುದಿಲ್ಲ, ತಂತಿಗಳನ್ನು ಬಿಡಿಬಿಡಿಯಾಗಿ ಮೀಟಿ ದನಿಗೆ ಜಾಗ ಬಿಡುತ್ತಾನೆ. ಈ ಹದ ಕಾಯ್ದವರು ನಿರ್ಮಾಪಕ ಸ್ಟೀಫನ್ ಸ್ಟ್ರೀಟ್. ದಿ ಸ್ಮಿತ್ಸ್ ತಂಡದ ಜೊತೆ ದುಡಿದಿದ್ದವರು. 'ಲಿಂಗರ್'ನಲ್ಲಿ ಪಿಟೀಲುಗಳು ಬಂದರೂ ಹಾಡು ಸಿಹಿ ಹೆಚ್ಚಾದ ಪಾಯಸವಾಗಿಲ್ಲ. ಕೊನೆಯ ಕೆಲವು ಹಾಡುಗಳು ಒಂದೇ ಲಯಕ್ಕೆ ಜೋತುಬೀಳುತ್ತವೆ, ಅದು ನಿಜ.

ಬ್ರಿಟನ್ ಮೊದಲು ಈ ಆಲ್ಬಮ್ಮನ್ನು ಅಷ್ಟಾಗಿ ಗಮನಿಸಲಿಲ್ಲ. ಅಮೆರಿಕದ ಎಂಟೀವಿ 'ಲಿಂಗರ್' ಅನ್ನು ಮನೆಮನೆಗೆ ಮುಟ್ಟಿಸಿದ ಮೇಲೆ, 1994ರಲ್ಲಿ ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಹೆಚ್ಚು ಜನ ಈ ತಂಡವನ್ನು ಗುರುತಿಸುವುದು ಅದೇ ವರ್ಷದ 'ಜಾಂಬಿ' ಹಾಡಿನ ಅಬ್ಬರದಿಂದ. ನನ್ನ ಓಟು ಈ ಮೊದಲ ಆಲ್ಬಮ್ಮಿಗೆ.