ಕೈಲಾಸದ ಸುತ್ತ 52 ಕಿಲೋಮೀಟರ್

ಕಾರ್ಕಳದ ಬಂಡೆಗುಡ್ಡದ ಮೆಟ್ಟಿಲೇರಿ, 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಬಾಹುಬಲಿಯೆದುರು ನಿಂತವರಿಗೆ ಕೈಲಾಸ ಅಪರಿಚಿತವಲ್ಲ. ಬಾಹುಬಲಿಯ ತಂದೆ ವೃಷಭನಾಥ ನಿರ್ವಾಣ ಪಡೆದ ಅಷ್ಟಾಪದ ಇದೇ ಪರ್ವತವೆಂಬುದು ಜೈನರ ನಂಬಿಕೆ. ಹಿಂದೂಗಳಿಗೆ ಅದು ಶಿವನ ಮನೆ. ಬೌದ್ಧರೂ ಸುತ್ತುತ್ತಾರೆ; ಟಿಬೆಟಿನ ಬೋನ್ ಧರ್ಮದವರು ಸುತ್ತುವುದು ಅಪ್ರದಕ್ಷಿಣವಾಗಿ.

6,638 ಮೀಟರ್ ಎತ್ತರದ ಈ ಶಿಖರವನ್ನು ಯಾರೂ ಏರಿದ ದಾಖಲೆಯಿಲ್ಲ. ಬೆಟ್ಟವನ್ನು ಸುತ್ತಿ ಬಂದೇ ಧನ್ಯರಾಗುವ ಈ ಪರಂಪರೆ ಪರ್ವತಾರೋಹಣದ ಲೋಕದಲ್ಲಿ ಅಪರೂಪ, ಅಮೂಲ್ಯ.

ಪ್ರದಕ್ಷಿಣೆಗೆ ಸಾಮಾನ್ಯವಾಗಿ ಮೂರು ದಿನ. ಮೊದಲ ದಿನ ಟಿಬೆಟಿನ ದಾರ್ಚೆನ್‌ನಿಂದ ನದಿ ಕಣಿವೆ ಹಿಡಿದು ದಿರಾಪುಕ್ ಸೇರಿದರೆ, ಕೈಲಾಸದ ಉತ್ತರ ಮುಖ ಕಡಿದ ಗೋಡೆಯಂತೆ ಎದುರಾಗುತ್ತದೆ. ಕಡಲ ಗಾಳಿಗೆ ಒಗ್ಗಿದ ದೇಹಕ್ಕೆ ನಿಜವಾದ ಪರೀಕ್ಷೆ ಎರಡನೆಯ ದಿನ. ಸುಮಾರು 5,630 ಮೀಟರ್ ಎತ್ತರದ ಡೋಲ್ಮಾ ಲಾ ಕಣಿವೆಮಾರ್ಗ ದಾಟಬೇಕು. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಕಾಪು ದೀಪಸ್ತಂಭದ ಬುಡದಲ್ಲಿ ಸಿಗುವುದರ ಹೆಚ್ಚುಕಡಿಮೆ ಅರ್ಧ. ಹತ್ತು ಹೆಜ್ಜೆ, ನಿಲುಗಡೆ, ಮತ್ತೆ ಹತ್ತು ಹೆಜ್ಜೆ. ಇದೇ ಹಾದಿಯನ್ನು ಕೆಲವು ಟಿಬೆಟನ್ನರು ಒಂದೇ ದಿನದಲ್ಲಿ ಮುಗಿಸುತ್ತಾರೆ. ಇನ್ನು ಕೆಲವರು ಅಡಿಗಡಿಗೂ ಸಾಷ್ಟಾಂಗ ಹಾಕುತ್ತ ವಾರಗಟ್ಟಲೆ ಸಾಗುತ್ತಾರೆ. ಉರುಳು ಸೇವೆ ಕಂಡ ಉಡುಪಿಯ ಕಣ್ಣಿಗೂ ಅದು ಬೆರಗೇ!

ಇಳಿಜಾರಿನಲ್ಲಿ ಗೌರೀಕುಂಡ, ಆಮೇಲೆ ಬೌದ್ಧ ಯೋಗಿ ಮಿಲರೇಪನ ಗುಹೆಯಿರುವ ಜುತುಲ್‌ಪುಕ್. ಮೂರನೆಯ ದಿನ ಮತ್ತೆ ದಾರ್ಚೆನ್.

2020ರಿಂದ ನಿಂತಿದ್ದ ಭಾರತ ಸರ್ಕಾರದ ಯಾತ್ರೆ 2025ರಲ್ಲಿ ಲಿಪುಲೇಖ್ ಮತ್ತು ನಾಥು ಲಾ ಮಾರ್ಗಗಳಲ್ಲಿ ಮರಳಿ ಆರಂಭವಾಗಿದೆ. ಮಣಿಪಾಲದಿಂದ ಹೊರಡುವವರೂ ಮೊದಲು ದೆಹಲಿಯ ವೈದ್ಯಕೀಯ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು.