ಯಾವುದು ಆಸರೆ, ಯಾವುದು ಹೊರೆ

ಅಮೆರಿಕದ ನೆವಾಡ ರಾಜ್ಯವನ್ನು ಅಡ್ಡಹಾಯುವ 50ನೇ ಹೆದ್ದಾರಿಯನ್ನು ‘ಲೈಫ್’ ಪತ್ರಿಕೆ 1986ರಲ್ಲಿ ಆ ದೇಶದ ಅತ್ಯಂತ ಒಂಟಿ ರಸ್ತೆ ಎಂದು ಕರೆಯಿತು. ಈಲಿಯಿಂದ ಯುರೇಕಾಕ್ಕೆ 77 ಮೈಲಿ, ಆಸ್ಟಿನ್‌ನಿಂದ ಫ್ಯಾಲನ್‌ಗೆ ಸುಮಾರು 110 ಮೈಲಿ. ನಡುವೆ ಬೆಟ್ಟಸಾಲು, ಕುರುಚಲು, ಮತ್ತೆ ಬೆಟ್ಟಸಾಲು. ಕಾರು ಅಥವಾ ಪಿಕಪ್ಪಿನ ಹಿಂದೆ ಕಟ್ಟಿ ಎಳೆಯುವ ಮನೆಯಾದ ಟ್ರಾವೆಲ್ ಟ್ರೇಲರ್ ಇಂಥ ಕಡೆ ಕೈಕೊಟ್ಟರೆ ಗತಿಯೇನು ಎಂಬ ಭಯ ಸಹಜವಾದದ್ದು. ಆ ಭಯದಿಂದಲೇ ಬಿಡಿಭಾಗಗಳ ಪೆಟ್ಟಿಗೆ ಹುಟ್ಟುತ್ತದೆ. ಪೆಟ್ಟಿಗೆ ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದನ್ನು ತುಂಬುವ ರೂಢಿ ಬಹುಮಟ್ಟಿಗೆ ದಾರಿ ತಪ್ಪಿದೆ.

ಹೆಚ್ಚಿನವರು ಯಾರೋ ಬರೆದಿಟ್ಟ ಪಟ್ಟಿ ನೋಡಿ ತುಂಬುತ್ತಾರೆ. ಬಲ್ಬು, ಕದದ ಬೀಗ, ನಲ್ಲಿಯ ವಾಷರು, ಕಿಟಕಿಯ ಹಿಡಿ, ಇನ್ನೊಂದು ನೀರಿನ ಪಂಪು. ಇವು ಒಂದೂ ಹಾಳಾಗುವುದಿಲ್ಲ ಎಂದಲ್ಲ. ಹಾಳಾದರೂ ಚಕ್ರ ಉರುಳುತ್ತಲೇ ಇರುತ್ತದೆ. ಪಂಪು ಕೆಟ್ಟರೆ ಕ್ಯಾನಿನಲ್ಲಿ ನೀರು ತುಂಬಿಕೊಂಡು ಎರಡು ದಿನ ಕಳೆಯಬಹುದು, ಫ್ರಿಜ್ ನಿಂತರೆ ಐಸ್ ಪೆಟ್ಟಿಗೆ ಸಾಕು. ಒಂದು ವಸ್ತುವನ್ನು ಒಳಗಿಡುವ ಮೊದಲು ನಾನು ಕೇಳುವುದು ಇಷ್ಟು: ಇದು ಕೆಟ್ಟರೆ ಪ್ರಯಾಣ ನಿಲ್ಲುತ್ತದೆಯೇ? ಮುಂದಿನ ಊರಿನ ಅಂಗಡಿಯಲ್ಲಿ ಇದು ಸಿಗುತ್ತದೆಯೇ? ಸಿಕ್ಕರೂ ಇದನ್ನು ಕೂಡಿಸುವ ಸಲಕರಣೆ, ಕೈಚಳಕ ನನ್ನಲ್ಲಿ ಇದೆಯೇ? ಈ ಮೂರನೆಯದನ್ನು ಯಾವ ಪಟ್ಟಿಯೂ ಕೇಳುವುದಿಲ್ಲ. ಬಳಸಲು ಬಾರದ ಬಿಡಿಭಾಗ ಬರೀ ಕಬ್ಬಿಣ.

ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಗೆಲ್ಲುವುದು ಚಕ್ರದ ಹಬ್. ಒಂದೊಂದು ಆಕ್ಸಲ್ 3,500 ಪೌಂಡು ಹೊರುವ ಸಾಧಾರಣ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಒಳಗಡೆ ಎಲ್68149, ಹೊರಗಡೆ ಎಲ್44649 ಎಂಬ ನಂಬರಿನ ಬೇರಿಂಗ್‌ಗಳಿರುತ್ತವೆ. ದೋಣಿ ಸಾಗಿಸುವ ಟ್ರೇಲರ್‌ಗಳಿಗೂ ಇವೇ ಹೊಂದುವುದರಿಂದ ಸಣ್ಣ ಊರಿನ ಆಟೊಮೊಬೈಲ್ ಅಂಗಡಿಯಲ್ಲೂ ಸಿಗುತ್ತವೆ. ಹಾಗಾದರೆ ಹೊರುವುದೇಕೆ? ಬೇರಿಂಗ್ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಅದಕ್ಕೇ. ಬೇರಿಂಗ್ ಸುಟ್ಟಾಗ ಅದು ಓಡುವ ಉಕ್ಕಿನ ಬಳೆಯೂ ಗೀರುಬಿದ್ದಿರುತ್ತದೆ. ಹಳೆಯ ಬಳೆಯನ್ನು ಹೊಡೆದು ತೆಗೆದು, ಹೊಸದನ್ನು ಓರೆಯಾಗದಂತೆ ಹಬ್ಬಿನೊಳಗೆ ಕೂರಿಸಿ, ಬೇರಿಂಗಿನ ಪ್ರತಿ ರೋಲರಿನ ಸಂದಿಗೂ ಗ್ರೀಸ್ ತುಂಬಿ, ಸೀಲನ್ನು ಸಮನಾಗಿ ಬಡಿದಿಡಬೇಕು. ಲಾರಿಗಳು ಪಕ್ಕದಲ್ಲೇ ಭರ್ರನೆ ಹಾಯುತ್ತಿರುವ ರಸ್ತೆಯಂಚಿನಲ್ಲಿ, ದೂಳಿನ ಗಾಳಿಯಲ್ಲಿ ಈ ಕೆಲಸ ಅಚ್ಚುಕಟ್ಟಾಗಿ ಆಗುವುದಿಲ್ಲ.

ಅದನ್ನೇ ಮನೆಯ ಅಂಗಳದಲ್ಲಿ ಮೊದಲೇ ಮುಗಿಸಿಟ್ಟುಕೊಂಡರೆ? ಬ್ರೇಕ್ ಡ್ರಮ್ಮು ಸಮೇತವಾದ ಹೊಸ ಹಬ್, ಎರಡೂ ಬೇರಿಂಗ್, ಗ್ರೀಸ್, ಸೀಲು ಎಲ್ಲ ಸಿದ್ಧಮಾಡಿ ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟರೆ ತೂಕ ಹತ್ತು ಕಿಲೋ ಆಸುಪಾಸು. ದಾರಿಯಲ್ಲಿ ಮಾಡಬೇಕಾದ್ದು ಕಡಿಮೆ. ಜಾಕನ್ನು ಆಕ್ಸಲ್ ಕೊಳವೆಗೆ ಕೊಡದೆ ಚಾಸಿಗೆ ಕೊಟ್ಟು ಎತ್ತುವುದು, ಚಕ್ರ ಬಿಚ್ಚುವುದು, ದೂಳಿನ ಮುಚ್ಚಳ, ನಟ್ಟು ಕದಲದಂತೆ ಹಿಡಿಯುವ ಕಾಟರ್ ಪಿನ್, ನಟ್ಟು ತೆಗೆದು ಹಳೆಯ ಹಬ್ಬನ್ನು ಎಳೆದು ಹೊಸದನ್ನು ಜಾರಿಸುವುದು. ಹಬ್ಬನ್ನು ಕೈಯಲ್ಲಿ ತಿರುಗಿಸುತ್ತಲೇ ನಟ್ಟನ್ನು ಬಿಗಿಮಾಡಿ, ಪೂರ್ತಿ ಸಡಿಲಿಸಿ, ಬೆರಳಿನಲ್ಲೇ ಮತ್ತೆ ತಾಗುವಷ್ಟು ತಿರುಗಿಸಿ ಹೊಸ ಪಿನ್ ಹಾಕಬೇಕು. ಹೆಚ್ಚು ಬಿಗಿದರೆ ಹೊಸ ಬೇರಿಂಗೂ ಸುಡುತ್ತದೆ. ಮರೆತೇಹೋಗುವ ವಸ್ತುವೆಂದರೆ ಆ ಕಾಟರ್ ಪಿನ್ನು. ಹಳೆಯದನ್ನು ಮತ್ತೆ ಬಾಗಿಸಿದರೆ ಮುರಿಯಬಹುದು, ಹಾಗಾಗಿ ಹೊಸ ಪಿನ್ನುಗಳು ಹಬ್ಬಿನ ಜೊತೆಗೇ ಇರಲಿ.

ಇದರ ಮಿತಿಯನ್ನೂ ಹೇಳಬೇಕು. ಬೇರಿಂಗ್ ಸುಟ್ಟ ಮೇಲೂ ಓಡಿಸಿದರೆ ಅದು ಹಬ್ ಕೂರುವ ಸ್ಪಿಂಡಲ್ ಮೇಲೆಯೇ ತಿರುಗಿ ಅದನ್ನು ಸವೆಸುತ್ತದೆ. ಸ್ಪಿಂಡಲ್ ಹೋಯಿತೆಂದರೆ ಹೊಸ ಹಬ್ಬಿಗೆ ಕೂರಲು ಜಾಗವಿಲ್ಲ, ಉಳಿದದ್ದು ಟೋ ಟ್ರಕ್ಕು. ಆಕ್ಸಲ್ ತಯಾರಿಸುವ ಡೆಕ್ಸ್‌ಟರ್ ಕಂಪನಿ ವರ್ಷಕ್ಕೊಮ್ಮೆ ಅಥವಾ 12,000 ಮೈಲಿಗೊಮ್ಮೆ ಬೇರಿಂಗ್ ಬಿಚ್ಚಿ ಗ್ರೀಸ್ ತುಂಬಲು ಹೇಳುತ್ತದೆ. ಪೆಟ್ರೋಲಿಗೆ ನಿಲ್ಲಿಸಿದಾಗಲೆಲ್ಲ ಹಬ್ಬುಗಳ ಹತ್ತಿರ ಕೈಯೊಡ್ಡಿ ಬಿಸಿ ನೋಡುವವರಿಗೆ ಮಾತ್ರ ಆ ಹತ್ತು ಕಿಲೋ ಉಪಯೋಗಕ್ಕೆ ಬರುತ್ತದೆ.

ಟಯರಿನ ವಿಷಯ ಚಿಕ್ಕದು, ಅಲಕ್ಷ್ಯ ದೊಡ್ಡದು. ಹಿಂದಿನ ಬಂಪರಿಗೆ ಕಟ್ಟಿದ ಸ್ಟೆಪ್ನಿ ನೆಲ ಮುಟ್ಟದಿದ್ದರೂ ಬಿಸಿಲಿಗೆ ಬೇಯುತ್ತಲೇ ಇರುತ್ತದೆ. ಅದರ ಪಕ್ಕೆಯ ಮೇಲೆ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿವೆ. 2317 ಎಂದಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ಮೇಲೆ ಎಳ್ಳಷ್ಟೂ ಸವೆತವಿಲ್ಲದಿದ್ದರೂ ಅಷ್ಟು ಹಳತಾದ ಆ ಟಯರನ್ನು ನಂಬಿ ಮರುಭೂಮಿಗೆ ಹೊರಡುವವರನ್ನು ಕಂಡರೆ ನನಗೆ ಕಳವಳವಾಗುತ್ತದೆ.

ಫ್ಯೂಸಿನದು ಇನ್ನೊಂದು ಕಥೆ. ಬಣ್ಣಬಣ್ಣದ ಬ್ಲೇಡ್ ಫ್ಯೂಸಿನ ಡಬ್ಬಿ ಎಲ್ಲರ ಬಳಿಯೂ ಇರುತ್ತದೆ. ಅದರಲ್ಲಿ ಮುಖ್ಯವಾದವೇ ಇರುವುದಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್ ಫಲಕದಲ್ಲಿ 30 ಅಥವಾ 40 ಆಂಪಿಯರಿನ ಒಂದೆರಡು ಫ್ಯೂಸುಗಳು ಬೇರೆಯೇ ನಿಂತಿರುತ್ತವೆ. ಚಳಿಗಾಲ ಕಳೆದು ಬ್ಯಾಟರಿಯನ್ನು ಮತ್ತೆ ಜೋಡಿಸುವಾಗ ಧನ ಋಣ ತಂತಿಗಳು ಒಂದು ಕ್ಷಣ ಅದಲುಬದಲಾದರೂ ಇವು ತಾವು ಸುಟ್ಟು ಉಳಿದದ್ದನ್ನು ಕಾಯುತ್ತವೆ. ಆಮೇಲೆ ಬ್ಯಾಟರಿ ಚಾರ್ಜ್ ಆಗುವುದೇ ಇಲ್ಲ. ಅದು ಬರಿದಾದ ಮೇಲೆ ದೀಪ, ಹೀಟರಿನ ಫ್ಯಾನು ಒಂದೊಂದಾಗಿ ಮಲಗುತ್ತವೆ. ಕನ್ವರ್ಟರೇ ಹೋಯಿತೆಂದು ಹೊಸದಕ್ಕೆ ದುಡ್ಡು ಸುರಿಯುವವರಿದ್ದಾರೆ. ಕಾಫಿಯ ಬೆಲೆಗಿಂತ ಹೆಚ್ಚಾಗದ ಈ ಎರಡು ಫ್ಯೂಸುಗಳನ್ನು ಹಬ್ಬಿನ ಸಾಲಿನಲ್ಲೇ ಇಡುತ್ತೇನೆ. ಅವುಗಳ ಜೊತೆಗೆ ಎಳೆಯುವ ವಾಹನದಿಂದ ಬ್ರೇಕು, ದೀಪಗಳಿಗೆ ವಿದ್ಯುತ್ ತರುವ ಏಳು ಪಿನ್ನಿನ ಪ್ಲಗ್ಗು. ಸರಿಯಾಗಿ ಕಟ್ಟದ ತಂತಿ ರಸ್ತೆಗೆ ಉಜ್ಜಿ ಅದು ಸವೆದು ಹೋಗುವುದು ಹೊಸದೇನಲ್ಲ, ಬ್ರೇಕಿಲ್ಲದ ಟ್ರೇಲರನ್ನು ಇಳಿಜಾರಿನಲ್ಲಿ ಎಳೆಯುವ ಮಾತೇ ಇಲ್ಲ.

ಗಾಡಿಯ ಭಾರ ಹೊರುವ ಲೀಫ್ ಸ್ಪ್ರಿಂಗಿನ ಕಮಾನು ಪಟ್ಟಿಯ ಬಗ್ಗೆ ಒಂದೇ ಉತ್ತರವಿಲ್ಲ, ರಸ್ತೆ ನೋಡಿ ಹೇಳಬೇಕು. ನುಣ್ಣನೆಯ ಅಂತರರಾಜ್ಯ ಹೆದ್ದಾರಿಯಲ್ಲೇ ಓಡಾಡುವವರಿಗೆ ಅದು ದಂಡ. ಕೆನಡಾದ ಯೂಕಾನ್‌ನಿಂದ ಇನುವಿಕ್‌ವರೆಗೆ 740 ಕಿ.ಮೀ.ಗಳಷ್ಟು ಜಲ್ಲಿಯ ಮೇಲೆ ಸಾಗುವ ಡೆಂಪ್‌ಸ್ಟರ್ ಹೆದ್ದಾರಿಗೆ ಹೊರಟವರಿಗೆ ಅದು ಕಡ್ಡಾಯ. ಅಲ್ಲಿ ಈಗಲ್ ಪ್ಲೇನ್ಸ್ ತಲುಪುವವರೆಗಿನ ಮೊದಲ 369 ಕಿ.ಮೀ.ಯಲ್ಲಿ ಪೆಟ್ರೋಲ್ ಬಂಕೂ ಇಲ್ಲ. ನಮ್ಮ ಲಾರಿ ಚಾಲಕರಿಗೆ ಯಾವ ಘಾಟಿಗೆ ಯಾವ ಸಾಮಾನು ಬೇಕೆಂಬ ಅಂದಾಜು ಹೇಗೆ ಕರಗತವೋ ಹಾಗೆ, ದಾರಿಯನ್ನು ಓದಿ ಪೆಟ್ಟಿಗೆಯನ್ನು ಪ್ರತಿ ಸಲವೂ ಮತ್ತೆ ಜೋಡಿಸಬೇಕು. ಏರ್‌ಸ್ಟ್ರೀಮ್ ಟ್ರೇಲರಿನ ಸ್ಥಾಪಕ ವಾಲಿ ಬಯಮ್ 1959ರಲ್ಲಿ ಕೇಪ್‌ಟೌನ್‌ನಿಂದ ಕೈರೊಗೆ 41 ಟ್ರೇಲರ್‌ಗಳ ದಂಡು ಹೊರಡಿಸಿದರು. ಎಲ್ಲವೂ ಒಂದೇ ಕಂಪನಿಯವು. ಅಂಥ ದಂಡಿನಲ್ಲಿ ಪಕ್ಕದವನ ಗಾಡಿಯೂ ಒಂದು ಪೆಟ್ಟಿಗೆಯೇ. ಒಂಟಿಯಾಗಿ ಹೋಗುವ ಕುಟುಂಬಕ್ಕೆ ಆ ಸೌಲಭ್ಯವಿಲ್ಲ. ಜೊತೆಯಾಗಿ ಹೊರಡುವ ಎರಡು ಮೂರು ಕುಟುಂಬಗಳಾದರೂ ಎಲ್ಲರೂ ಎಲ್ಲವನ್ನೂ ಹೊರದೆ ಹಂಚಿಕೊಳ್ಳಬಾರದೇಕೆ?

ಭಾರದ ಲೆಕ್ಕವನ್ನು ಪಟ್ಟಿ ಬರೆಯುವವರು ಮಾಡುವುದೇ ಇಲ್ಲ. ಟ್ರೇಲರಿನ ಬಾಗಿಲ ಹತ್ತಿರ ಎಷ್ಟು ಸಾಮಾನು ಹೇರಬಹುದೆಂಬ ಹಳದಿ ಚೀಟಿ ಅಂಟಿಸಿರುತ್ತಾರೆ. ತುಂಬಿಸಿದ ನೀರೂ ಅದರಲ್ಲೇ ಬರುತ್ತದೆ. 40 ಗ್ಯಾಲನ್ ನೀರೆಂದರೆ 332 ಪೌಂಡು, ಹತ್ತಿರ ಹತ್ತಿರ 150 ಕಿಲೋ. ಅದರ ಮೇಲೆ ಅಡುಗೆ ಸಾಮಾನು, ಬಟ್ಟೆ, ಮಕ್ಕಳ ಸೈಕಲ್ಲು. ಉಳಿದದ್ದರಲ್ಲಿ ಬಿಡಿಭಾಗ. ಈ ಪೆಟ್ಟಿಗೆಯನ್ನು ಜಾಗವಿದೆಯೆಂದು ಹಿಂಬದಿಗೆ ಹಾಕುವ ರೂಢಿ ಅಪಾಯಕಾರಿ. ಟ್ರೇಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲಿರಬೇಕು. ಹಿಂದೆ ಭಾರ ಹೆಚ್ಚಿದಷ್ಟೂ ಕೊಂಡಿ ಹಗುರಾಗಿ ಟ್ರೇಲರ್ ಹಾವಿನಂತೆ ಓಲಾಡತೊಡಗುತ್ತದೆ. ಕೆಟ್ಟದ್ದನ್ನು ರಿಪೇರಿ ಮಾಡಲೆಂದು ಹೊತ್ತದ್ದೇ ಗಾಡಿಯನ್ನು ಉರುಳಿಸಿದರೆ ಆ ಎಚ್ಚರಿಕೆಯಿಂದ ಏನು ಬಂತು?

ನನ್ನ ತಕರಾರು ಪಯಣಿಗರ ಮೇಲಿರುವುದಕ್ಕಿಂತ ತಯಾರಕರ ಮೇಲೆ ಹೆಚ್ಚು. ಅಮೆರಿಕದ ಬಹುಪಾಲು ಟ್ರೇಲರ್‌ಗಳು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ಹುಟ್ಟುತ್ತವೆ. ಬ್ರಾಂಡ್ ನೂರಿದ್ದರೂ ಆಕ್ಸಲ್, ಪಂಪು, ಕನ್ವರ್ಟರ್ ಕೊಡುವ ಕಂಪನಿಗಳು ಕೆಲವೇ. ಈ ಗಾಡಿಗೆ ಇದೇ ಬೇರಿಂಗ್, ಇದೇ ಸೀಲು, ಡ್ರಮ್ಮಿಗೆ ಇಷ್ಟು ಬೋಲ್ಟು, ಇಷ್ಟು ಆಂಪಿಯರಿನ ಫ್ಯೂಸು ಎಂದು ಒಂದೇ ಹಾಳೆಯಲ್ಲಿ ಅಚ್ಚುಹಾಕಿ ಕೊಡುವುದು ಅವರಿಗೆ ಕಷ್ಟವೇ ಅಲ್ಲ. ಆದರೂ ಕೊಳ್ಳುವವರ ಕೈಗೆ ಬರುವುದು ಹತ್ತಾರು ಮಾದರಿಗಳಿಗೆ ಹೊಂದುವ ಸಾಮಾನ್ಯ ಕೈಪಿಡಿ. ತಮ್ಮ ಗಾಡಿಯ ಸೀಲಿನ ನಂಬರು ತಿಳಿಯಲು ಮಾಲೀಕರು ಹಬ್ಬನ್ನೇ ಬಿಚ್ಚಿ, ಗ್ರೀಸ್ ಒರೆಸಿ ಓದಬೇಕು. ಆ ಹಾಳೆಯನ್ನು ಮಾರುವ ದಿನವೇ ಕೊಡಬೇಕೆಂದು ಕೊಳ್ಳುವವರು ಪಟ್ಟುಹಿಡಿಯಬೇಕು, ಕೊಡದಿದ್ದರೆ ಸಹಿ ಹಾಕುವ ಮೊದಲು ಗಾಡಿಯ ಅಡಿಗೆ ನುಸುಳಿ ಆಕ್ಸಲ್ ಮೇಲಿನ ಚೀಟಿಯ ಫೋಟೊವನ್ನಾದರೂ ತೆಗೆದುಕೊಳ್ಳಬೇಕು.