ಹೊಸ ಹೆಡ್‌ಫೋನೋ, ಹೊಸ ಕುಶನ್ನೋ?

ಮುಂಬಯಿ ಲೋಕಲ್ ಗಾಡಿಯ ಗದ್ದಲ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಕಿವಿಗೊಟ್ಟು ಕೇಳಿದರೆ ಅದರಲ್ಲಿ ಹಲವು ಸದ್ದುಗಳಿವೆ. ಎಲ್ಲಕ್ಕೂ ತಳದಲ್ಲಿ ಗಾಲಿ, ಹಳಿ, ಮೋಟರು ಸೇರಿದ ಗುಡುಗುಡು. ಗಾಡಿ ಹೊರಡುವಾಗ ಅದರ ಮೇಲೇರುತ್ತ ಹೋಗುವ ಸುಂಯ್ ಎಂಬ ಕೊರೆತ. ಕಿಟಕಿಯಿಂದ ನುಗ್ಗುವ ಗಾಳಿ. ಇವೆಲ್ಲದರ ಮೇಲೆ ಮನುಷ್ಯರು: ಇಸ್ಪೀಟಿನ ಗುಂಪು, ಫೋನಿನಲ್ಲೇ ಸಂಸಾರ ನಡೆಸುವವರು, ತಾಳ ಕುಟ್ಟುವ ಭಜನಾ ಮಂಡಳಿ, ಮುಂದಿನ ಸ್ಟೇಷನ್ ಯಾವುದೆಂದು ಮೂರು ಭಾಷೆಯಲ್ಲಿ ಹೇಳುವ ಹೆಣ್ಣುದನಿ.

ಡೊಂಬಿವಲಿ, ಕಲ್ಯಾಣದ ಕಡೆಯಿಂದ ಈ ಅಂಕಣಕ್ಕೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಐದಾರು ವರ್ಷದ ಹಿಂದೆ ಕೊಂಡ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಇದೆ, ಈಗ ಮೊದಲಿನ ಹಾಗೆ ಸದ್ದು ತಡೆಯುವುದಿಲ್ಲ ಅನ್ನಿಸುತ್ತಿದೆ, ಹೊಸ ಮಾಡೆಲ್ ಬಂದಿದೆ, ಬದಲಿಸಲೇ? ಗಾಡಿಯಲ್ಲಿ ಹಾಡು ಕೇಳುವುದಕ್ಕಾದರೆ ಬೇಡ ಎಂಬುದು ನನ್ನ ಉತ್ತರ. ಆಫೀಸಿಗಾದರೆ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಸದ್ದಿನಿಂದ ಸದ್ದು ಅಳಿಸುವ ಈ ವಿದ್ಯೆ ಹುಟ್ಟಿದ್ದು ರೈಲಿಗಾಗಿ ಅಲ್ಲ, ಬೆಳೆದದ್ದು ವಿಮಾನದಲ್ಲಿ. ಜರ್ಮನಿಯ ಪಾಲ್ ಲ್ಯೂಗ್ 1936ರಲ್ಲಿ ಅಮೆರಿಕದ ಪೇಟೆಂಟ್ ಪಡೆದಾಗ ಅದು ಕಾಗದದ ಮೇಲಿನ ಲೆಕ್ಕವಷ್ಟೆ. ಬ್ರಿಟಿಷರ ಕಣ್ಣು ತಪ್ಪಿಸಿ ಕಲ್ಕತ್ತೆಯಿಂದ ಅಮೆರಿಕ ಸೇರಿದ ಬಂಗಾಳಿ ಹೋರಾಟಗಾರನ ಮಗ ಅಮರ್ ಬೋಸ್, 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹಾರುವಾಗ ವಿಮಾನದವರು ಕೊಟ್ಟ ಹೆಡ್‌ಫೋನಿನಲ್ಲಿ ಇಂಜಿನ್ನಿನ ಮೊರೆತವೇ ಹೆಚ್ಚಾಗಿ, ಸೀಟಿನಲ್ಲೇ ಲೆಕ್ಕ ಹಾಕುತ್ತ ಕೂತರಂತೆ. ಅವರ ಕಂಪನಿ 1989ರಲ್ಲಿ ಪೈಲಟ್‌ಗಳಿಗೆ, 2000ದಲ್ಲಿ ಕ್ವಯಟ್‌ಕಂಫರ್ಟ್ ಎಂಬ ಹೆಸರಿನಲ್ಲಿ ಪ್ರಯಾಣಿಕರಿಗೆ ಅದನ್ನು ಮಾರಿತು.

ಕೆಲಸ ನಡೆಯುವುದು ಹೀಗೆ. ಹೆಡ್‌ಫೋನಿನ ಹೊರಗೂ ಒಳಗೂ ಪುಟ್ಟ ಮೈಕುಗಳಿರುತ್ತವೆ. ಅವು ಹಿಡಿದ ಸದ್ದಿನ ಅಲೆಗೆ ಸರಿ ಎದುರಾದ ಅಲೆಯನ್ನು ಚಿಪ್ಪು ಹುಟ್ಟಿಸುತ್ತದೆ; ಉಬ್ಬಿಗೆ ತಗ್ಗು ಕೂಡಿ ಎರಡೂ ಅಳಿಯುತ್ತವೆ. 100 ಹರ್ಟ್ಸ್‌ನ ಗುಡುಗುಡು ಅಲೆ ಗಾಳಿಯಲ್ಲಿ ಸುಮಾರು 3.4 ಮೀಟರ್ ಉದ್ದ. ಅಷ್ಟು ಉದ್ದದ ಅಲೆಗೆ ಎದುರಲೆ ಒಂದಿಷ್ಟು ತಡವಾದರೂ ನಡೆಯುತ್ತದೆ. 4000 ಹರ್ಟ್ಸ್‌ನ ತಾಳದ ಕಿಣಿಕಿಣಿ ಎಂಟೂವರೆ ಸೆಂಟಿಮೀಟರ್ ಮಾತ್ರ. ಅಲ್ಲಿ ಸ್ವಲ್ಪ ತಪ್ಪಿದರೂ ಸದ್ದು ಅಳಿಯುವ ಬದಲು ಕೂಡಿಕೊಂಡೀತು. ಆದ್ದರಿಂದ ಸುಮಾರು 1000 ಹರ್ಟ್ಸ್‌ನಿಂದ ಮೇಲಿನದನ್ನೆಲ್ಲ ತಡೆಯುವುದು ಚಿಪ್ಪಲ್ಲ, ಕಿವಿಯ ಸುತ್ತ ಒತ್ತಿ ಕೂರುವ ಕುಶನ್. ಬೆಳಗಿನ ಗಾಡಿಯಲ್ಲಿ ಹೆಡ್‌ಫೋನ್ ಹಾಕಿದೊಡನೆ ಗಾಲಿಯ ಸದ್ದು ಮಾಯವಾಗಿ ಭಜನೆಯ ತಾಳ ಇನ್ನಷ್ಟು ಸ್ಪಷ್ಟವಾಗುವುದು ಇದರಿಂದಲೇ. ಹಣ ಕೊಟ್ಟು ಭಜನೆಗೆ ಮುಂದಿನ ಸಾಲಿನ ಸೀಟು ಕೊಂಡಂತೆ.

ಹಾಗಾದರೆ ಕೇಳುಗನಿಗೆ ಇದರಿಂದ ಏನು ಲಾಭ? ನಮ್ಮ ಸಂಗೀತಕ್ಕೆ ತುಂಬ ಲಾಭವಿದೆ. ಗಂಡುದನಿಯ ಷಡ್ಜ ಸಾಮಾನ್ಯವಾಗಿ 130–140 ಹರ್ಟ್ಸ್ ಆಸುಪಾಸು, ತಂಬೂರಿಯ ಖರಜದ ತಂತಿ ಅದರ ಅರ್ಧ. ಗಾಡಿಯ ಗುಡುಗುಡು ಕೂತಿರುವುದೂ ಅದೇ ಜಾಗದಲ್ಲಿ. ಸಾದಾ ಇಯರ್‌ಫೋನಿನಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುತ್ತ ಠಾಣೆ ದಾಟಿ ನೋಡಿ: ತಾನ್ ಕೇಳುತ್ತದೆ, ತಂಬೂರಿ ಇರುವುದಿಲ್ಲ, ತಬಲಾದ ಬಾಯಾ ಸತ್ತಿರುತ್ತದೆ. ನೆಲವೇ ಇಲ್ಲದ ಮನೆಯಲ್ಲಿ ಹಾಡಿದ ಹಾಗೆ. ಗಂಗೂಬಾಯಿ ಹಾನಗಲ್ಲರ ಗಡಸು ದನಿಗೂ ಈ ನಷ್ಟ ತಪ್ಪಿದ್ದಲ್ಲ. ತಗ್ಗಿನ ಸದ್ದಿಗೆ ತನಗಿಂತ ಮೇಲಿನ ಸ್ವರಗಳನ್ನೂ ಮುಚ್ಚಿಹಾಕುವ ಗುಣ ಬೇರೆ ಇದೆ. ಅದಕ್ಕೇ ನಾವು ವಾಲ್ಯೂಮ್ ಏರಿಸುತ್ತ ಹೋಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸುರಕ್ಷಿತ ಮಿತಿ 80 ಡೆಸಿಬೆಲ್, ವಾರಕ್ಕೆ 40 ಗಂಟೆ. ಕಲ್ಯಾಣ–ಸಿಎಸ್‌ಎಂಟಿ ದಿನಾ ಹೋಗಿಬರುವವರಿಗೆ ಈ ಲೆಕ್ಕ ಕ್ಷುಲ್ಲಕವಲ್ಲ. ಯಕ್ಷಗಾನದವರಿಗೆ ಮಾತ್ರ ಸ್ವಲ್ಪ ರಿಯಾಯಿತಿ: ಚೆಂಡೆಯನ್ನು ಸೆಂಟ್ರಲ್ ರೈಲ್ವೆಯೂ ಮುಚ್ಚಲಾರದು. ಮದ್ದಳೆ ಬೇಕೆಂದರೆ ಹೆಡ್‌ಫೋನ್ ಬೇಕು.

ಈಗ ಹಳೆಯದು, ಹೊಸದು. ಉದಾಹರಣೆಗೆ ಸೋನಿಯನ್ನು ತೆಗೆದುಕೊಳ್ಳೋಣ, ನಮ್ಮ ಕಡೆಯ ಗಾಡಿಗಳಲ್ಲಿ ಕಾಣುವುದು ಹೆಚ್ಚಾಗಿ ಅದೇ. 1000ಎಕ್ಸ್‌ಎಂ3 ಬಂದದ್ದು 2018ರಲ್ಲಿ, ಎಕ್ಸ್‌ಎಂ4 2020ರಲ್ಲಿ, ಎಕ್ಸ್‌ಎಂ5 2022ರಲ್ಲಿ, ಎಕ್ಸ್‌ಎಂ6 2025ರಲ್ಲಿ. ತಳದ ಗುಡುಗುಡುವನ್ನು ಎಕ್ಸ್‌ಎಂ3 ಆಗಲೇ ಬಹುಪಾಲು ತೆಗೆದಿತ್ತು. ಆಮೇಲಿನವು ಮೈಕುಗಳನ್ನು ಹೆಚ್ಚಿಸುತ್ತ ಹೋಗಿ ಗೆದ್ದದ್ದು ಮುಖ್ಯವಾಗಿ ನಡುವಿನ ಪಟ್ಟಿಯನ್ನು, ಅಂದರೆ ಮನುಷ್ಯರ ಮಾತನ್ನು. ಗಾಡಿಯಲ್ಲಿ ಮಾತು ಪೂರ್ತಿ ಅಳಿಯುವುದು ನಿಮಗೆ ಬೇಕೇ? ಪ್ಲಾಟ್‌ಫಾರ್ಮ್ ಬದಲಾದ ಘೋಷಣೆ, ಸ್ಲೋ ಗಾಡಿ ಫಾಸ್ಟ್ ಆದ ಸುದ್ದಿ, ‘ಉತರ್ನಾ ಹೈ ಕ್ಯಾ’ ಎಂದು ಬೆನ್ನಿಗೆ ಬೀಳುವ ಪ್ರಶ್ನೆ, ಇವು ಕಿವಿಗೆ ಬೀಳದಿದ್ದರೆ ಡೊಂಬಿವಲಿಯಲ್ಲಿ ಇಳಿಯಬೇಕಾದವನು ಕಲ್ಯಾಣಕ್ಕೆ ಹೋಗುತ್ತಾನೆ. ಪ್ಲಾಟ್‌ಫಾರ್ಮಿನಲ್ಲಿ, ಬಾಗಿಲ ಹತ್ತಿರ ಹೆಡ್‌ಫೋನ್ ಕುತ್ತಿಗೆಯಲ್ಲಿರಲಿ. ಅದು ಹೇಳಲೇಬೇಕಾದ ಮಾತು.

ಹಳೆಯದು ಸದ್ದು ತಡೆಯುತ್ತಿಲ್ಲವೆನ್ನುವವರು ಒಂದು ಪರೀಕ್ಷೆ ಮಾಡಿ. ಗಾಡಿ ಓಡುವಾಗ ಕ್ಯಾನ್ಸಲಿಂಗ್ ಹಾಕಿಕೊಂಡು, ಹಾಡು ನಿಲ್ಲಿಸಿ, ಎರಡೂ ಅಂಗೈಯಿಂದ ಕಪ್ಪುಗಳನ್ನು ಮೆಲ್ಲಗೆ ಕಿವಿಗೆ ಒತ್ತಿ. ಗುಡುಗುಡು ತಟ್ಟನೆ ತಗ್ಗಿತೇ? ಹಾಗಾದರೆ ಚಿಪ್ಪು ಚೆನ್ನಾಗಿದೆ, ಸೋರುತ್ತಿರುವುದು ಕುಶನ್. ಕೊಂಕಣದ ಬೆವರಿಗೆ ಆ ತೆಳು ರೆಕ್ಸಿನ್ ಎರಡು ಮೂರು ಮಳೆಗಾಲ ಕಂಡರೆ ಹೆಚ್ಚು. ಮೊದಲು ಒಳಗಿನ ಸ್ಪಂಜು ಕುಸಿಯುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ, ಒಂದು ದಿನ ಆಫೀಸಿನಲ್ಲಿ ಯಾರೋ ನಿಮ್ಮ ಕೆನ್ನೆಯ ಮೇಲಿನ ಕರಿ ಚೂರು ತೋರಿಸುತ್ತಾರೆ. ಕನ್ನಡಕದ ದಪ್ಪ ಕಡ್ಡಿಯೂ ಇದೇ ರೀತಿ ಸಂದು ಬಿಡಿಸುತ್ತದೆ. ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ಅರ್ಧ ಕೂತವನ ಕಷ್ಟ ಇನ್ನೊಂದು ಬಗೆ: ನಿಂತವರ ಬ್ಯಾಗು ಒಂದು ಕಪ್ಪನ್ನು ಓರೆ ಮಾಡುತ್ತದೆ, ಅದರ ಪಟ್ಟಿ ಟಚ್ ಪ್ಯಾನೆಲ್ ಮೇಲೆ ಜಾರಿ ಹಾಡು ಬದಲಾಗುತ್ತದೆ. ಹೊಸ ಮಾಡೆಲ್‌ನಲ್ಲೂ ಇದಕ್ಕೆ ಮದ್ದಿಲ್ಲ. ಆ್ಯಪ್‌ನಲ್ಲಿ ಟಚ್ ಆಫ್ ಮಾಡಿಡಿ. ಎಕ್ಸ್‌ಎಂ4ರಿಂದ ಈಚೆಗೆ ಬಂದ, ನೀವು ಮಾತಾಡಿದರೆ ಹಾಡು ತಾನೇ ನಿಲ್ಲುವ ಸೌಲಭ್ಯವನ್ನೂ ಆಫ್ ಮಾಡಿ. ಮನ್ಸೂರರ ಜೊತೆ ನೀವು ಗುನುಗಿದರೂ ಅದು ಮನ್ಸೂರರನ್ನೇ ನಿಲ್ಲಿಸುತ್ತದೆ. ಯಂತ್ರಕ್ಕೆ ಅಭಿರುಚಿ ಇದೆ ಎನ್ನುವವರೂ ಇದ್ದಾರೆ.

ಎಕ್ಸ್‌ಎಂ3, ಎಕ್ಸ್‌ಎಂ4ರ ಕುಶನ್ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಸುತ್ತಲೂ ಪ್ಲಾಸ್ಟಿಕ್ ಕೊಂಡಿಗಳಿವೆ. ಮೊಂಡಾದ ಏನಾದರೂ ತೂರಿಸಿ ಮೀಟಿದರೆ ಬಿಟ್ಟುಕೊಳ್ಳುತ್ತವೆ, ಹೊಸದು ಟಕ್ಕೆಂದು ಕೂರುತ್ತದೆ. ಕೊಳ್ಳುವಾಗ ತೂತಿರುವ ಬಟ್ಟೆಯ ಕುಶನ್ ಬೇಡ, ಅದು ಬೆವರಿಗೆ ಹಿತ, ಸದ್ದಿಗೆ ದಾರಿ. ತೀರಾ ದಪ್ಪದ್ದೂ ಬೇಡ, ಸ್ಪೀಕರ್ ಕಿವಿಯಿಂದ ದೂರ ಸರಿದು ರಾಗದ ರುಚಿ ಬದಲಾಗುತ್ತದೆ. ಬ್ಯಾಟರಿಯ ವಿಷಯಕ್ಕೆ ಬಂದರೆ, ಹೊಸದರಲ್ಲಿ 30 ಗಂಟೆ ಎಂದದ್ದು ವರ್ಷ ಕಳೆದಂತೆ ಇಳಿಯುವುದು ಸಹಜ. ಅರ್ಧಕ್ಕೆ ಇಳಿದರೂ ವಾರದ ಓಡಾಟಕ್ಕೆ ಸಾಕು. ಐದಾರು ಗಂಟೆಗೆ ಇಳಿದರೆ ಮಾತ್ರ ವಿದಾಯ ಹೇಳುವ ಕಾಲ. ಸ್ಟೇಷನ್ ಎದುರಿನ ಬಂಡಿಗಳಲ್ಲಿ ‘ಫಸ್ಟ್ ಕಾಪಿ’ ಎಂದು ಕೊಡುವವುಗಳ ಬಗ್ಗೆ ಮಾತು ಬೇಡ. ಅವುಗಳಲ್ಲಿ ಕ್ಯಾನ್ಸಲ್ ಆಗುವುದು ನಿಮ್ಮ ದುಡ್ಡು.

ಆಫೀಸಿನವರ ಮಾತು ಬೇರೆ ಎಂದೆ. ಠಾಣೆಯ ಒಂಬತ್ತು, ಹತ್ತನೇ ಪ್ಲಾಟ್‌ಫಾರ್ಮಿನಿಂದ ಟ್ರಾನ್ಸ್‌ಹಾರ್ಬರ್ ಹಿಡಿದು ಐರೋಲಿ, ಘನ್ಸೋಲಿಯ ಐಟಿ ಪಾರ್ಕುಗಳಿಗೆ ಹೋಗುವವರ ಶತ್ರು ಗಾಲಿಯಲ್ಲ, ಪಕ್ಕದ ಮೇಜಿನವನ ಕಾಲ್. ಅಲ್ಲಿ ಮಾತಿನ ಪಟ್ಟಿಯನ್ನು ತಗ್ಗಿಸುವ ಹೊಸ ಮಾಡೆಲ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಲ್ಯಾಪ್‌ಟಾಪ್, ಫೋನ್ ಎರಡಕ್ಕೂ ಒಟ್ಟಿಗೆ ಹೊಂದುವ ಸೌಕರ್ಯ ಎಕ್ಸ್‌ಎಂ3ರಲ್ಲಿ ಇಲ್ಲ, ಎಕ್ಸ್‌ಎಂ4ರಿಂದ ಇದೆ. ನಿಮ್ಮ ದನಿ ಆಚೆಯವರಿಗೆ ಕೇಳುವ ರೀತಿಯಲ್ಲೂ ಎಕ್ಸ್‌ಎಂ5ರಿಂದ ಈಚೆಗೆ ದೊಡ್ಡ ಸುಧಾರಣೆಯಾಗಿದೆ. ಆದರೆ ಎಕ್ಸ್‌ಎಂ5 ಮಡಚುವುದಿಲ್ಲ. ಅದರ ಪೆಟ್ಟಿಗೆ, ಊಟದ ಡಬ್ಬಿ, ಛತ್ರಿ ಇರುವ ಬ್ಯಾಗಿನಲ್ಲಿ ಹಟ ಮಾಡುತ್ತದೆ. ಎಕ್ಸ್‌ಎಂ6 ಮತ್ತೆ ಮಡಚುತ್ತದೆ, ಬೆಲೆ ಮಾತ್ರ ನಲವತ್ತು ಸಾವಿರದ ಹತ್ತಿರ. ಹೈ ರೆಸಲ್ಯೂಷನ್ ಕೋಡೆಕ್ ಎಂಬ ಆಸೆಗೆ ಬೀಳಬೇಡಿ. ಐವತ್ತು ವರ್ಷ ಹಳೆಯ ಆಕಾಶವಾಣಿ ಟೇಪಿನಿಂದ ಇಳಿಸಿದ ಹಾಡಿಗೆ ಯಾವ ಕೋಡೆಕ್ ಏನು ಸೇರಿಸೀತು?

ಊರಿಗೆ ಹೋಗುವವರು ನಿಮ್ಮ ಹಳೆಯ ಸೆಟ್ಟನ್ನು ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಪರೀಕ್ಷಿಸಿ. ಸ್ಲೀಪರ್‌ನಲ್ಲಿ ಕಿಟಕಿ ತೆರೆದೇ ಇರಲಿ. ರತ್ನಾಗಿರಿಯ ಹತ್ತಿರ ಕರ್ಬುಡೆ ಸುರಂಗ ಬರುತ್ತದೆ, ಉದ್ದ ಆರೂವರೆ ಕಿಲೋಮೀಟರ್, ಗಾಡಿಯ ಸದ್ದೆಲ್ಲ ಗೋಡೆಗೆ ಬಡಿದು ಡಬ್ಬಿಯೊಳಗೇ ವಾಪಸಾಗುತ್ತದೆ. ಕುಶನ್ ಬದಲಿಸಿದ ಮೇಲೆ ಅಲ್ಲಿಯೂ ತಂಬೂರಿ ಕೇಳಿದರೆ, ಅಂಗಡಿಗೆ ಹೋಗುವ ಕಾರಣ ನನಗಂತೂ ಕಾಣದು.

ಇಷ್ಟಾದರೂ ಖರ್ಚು ಮಾಡಲೇಬೇಕೆಂದು ಕೈ ಕಡಿಯುತ್ತಿದ್ದರೆ, ಹೆಡ್‌ಫೋನ್ ಬಿಟ್ಟು ಗಾಡಿ ಬದಲಿಸಿ. ಕಲ್ಯಾಣದ ಮೇನ್ ಲೈನಿನಲ್ಲಿ 2020ರ ಡಿಸೆಂಬರಿನಿಂದ ಎಸಿ ಲೋಕಲ್ ಓಡುತ್ತಿದೆ. ಹೊಸ ಹೆಡ್‌ಫೋನಿನ ಬೆಲೆಗೆ ಅದರ ಪಾಸು ತಿಂಗಳುಗಟ್ಟಲೆ ಬರುತ್ತದೆ. ಬಾಗಿಲು ಮುಚ್ಚಿರುವುದರಿಂದ ಮೈಕಿಗೆ ಗಾಳಿಯ ಹೊಡೆತವಿಲ್ಲ, ಗಾಲಿಯ ಸದ್ದೂ ಅರೆವಾಸಿ ಹೊರಗೇ ಉಳಿಯುತ್ತದೆ, ಹಳೆಯ ಚಿಪ್ಪಿಗೆ ಅಷ್ಟೇ ಬೇಕಾದದ್ದು. ನೀವು ಹೊರಡುವ ಹೊತ್ತಿಗೆ ಎಸಿ ಗಾಡಿ ಇದೆಯೇ ಎಂದು ಮೊದಲು ಟೈಮ್‌ಟೇಬಲ್ ನೋಡಿಕೊಳ್ಳಿ.